ಜಾನ್ ಹಂಟರ್ ಜೀವನಚರಿತ್ರೆ ಓದಿ ಮುಗಿಸಿದೆ: ಹೆಣ ಕದ್ದ ಕಥೆ ಬೇಕಾದಷ್ಟಿದೆ, ಸರ್ಜನ್ ಎಲ್ಲಿ?

ಹಳೇಪುಸ್ತಕ

ಬಹಳ ಆಸೆಯಿಂದ ತರಿಸಿಕೊಂಡ ಪುಸ್ತಕ. ಇಂಗ್ಲಿಷಿನಲ್ಲಿ ಬಂದದ್ದು, ದಪ್ಪಗಿದೆ, ರಟ್ಟಿನ ಮೇಲೆ ಚಂದದ ಅಸ್ಥಿಪಂಜರ. ಹೆಸರು ಬೇಕಂತಲೇ ಹಾಕುತ್ತಿಲ್ಲ. ಹಾಕಿದರೆ ಮಾತೆಲ್ಲ ಬರೆದವರ ಸುತ್ತಲೇ ಸುತ್ತುತ್ತದೆ. ನನಗೆ ಮಾತಾಡಬೇಕಿರುವುದು ಹಂಟರ್ ಬಗ್ಗೆ.

ಗೊತ್ತಿಲ್ಲದವರಿಗೆ ಎರಡು ಮಾತು. 1728ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಹತ್ತಿರ ಹುಟ್ಟಿದವನು, ಹತ್ತು ಮಕ್ಕಳಲ್ಲಿ ಕೊನೆಯವನು. ಶಾಲೆ ತಲೆಗೆ ಹತ್ತಲಿಲ್ಲ, ಹುಡುಗನಾಗಿದ್ದಾಗಲೇ ಬಿಟ್ಟ. 20 ವರ್ಷಕ್ಕೆ ಲಂಡನ್ನಿಗೆ ಹೋಗಿ, ಅಣ್ಣ ವಿಲಿಯಂ ನಡೆಸುತ್ತಿದ್ದ ಅಂಗರಚನೆಯ ಶಾಲೆಯಲ್ಲಿ ಹೆಣ ಕೊಯ್ದು ಸಿದ್ಧ ಮಾಡುವ ಕೆಲಸಕ್ಕೆ ಸೇರಿದ. ಅಲ್ಲಿಂದ ಮೂರನೇ ಜಾರ್ಜ್ ದೊರೆಯ ಸರ್ಜನ್ ಆಗುವವರೆಗೆ ಬೆಳೆದ. ಈಥರ್ ಅರಿವಳಿಕೆ ಬಂದದ್ದು 1846ರಲ್ಲಿ, ಗಾಯಕ್ಕೆ ಕ್ರಿಮಿನಾಶಕ ಹಾಕುವುದನ್ನು ಲಿಸ್ಟರ್ ಹೇಳಿಕೊಟ್ಟದ್ದು 1867ರಲ್ಲಿ. ಹಂಟರ್ ಸತ್ತದ್ದು 1793ರಲ್ಲಿ. ಅಂದರೆ ರೋಗಿ ಕಿರುಚುತ್ತಿರುವಾಗಲೇ, ತೊಳೆಯದ ಕೈಯಲ್ಲೇ ಕೆಲಸ ಮಾಡಿದ ಕಾಲದ ಮನುಷ್ಯ.

ಈಗ ನನ್ನ ದೂರು. ಈ ಲೇಖಕರಿಗೆ ಹೆಣದ ಮೇಲೆ ಇರುವ ಪ್ರೀತಿ ರೋಗಿಗಳ ಮೇಲೆ ಇಲ್ಲ. ಪುಸ್ತಕದ ಮೊದಲ ಮೂರನೇ ಒಂದು ಭಾಗ ಪೂರ್ತಿ ಕೊಯ್ಯಲು ಹೆಣ ಕದಿಯುವ ಕಥೆ: ರಾತ್ರಿ ಸ್ಮಶಾನ, ಲಾಟೀನು, ಸಲಿಕೆ, ಗೋಣಿಚೀಲ. ಒಂದು ಸಲ ಓದಿದರೆ ಮೈ ಜುಂ ಅನ್ನುತ್ತದೆ, ಮೂರನೇ ಸಲ ಆಕಳಿಕೆ ಬರುತ್ತದೆ. ಆದರೆ 1785ರ ಡಿಸೆಂಬರ್‌ನಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಅವನು ಮಾಡಿದ ಆಪರೇಶನ್ ಇದೆಯಲ್ಲ, ಇವತ್ತಿಗೂ ಸರ್ಜನ್‌ಗಳು ಅವನ ಹೆಸರು ಹೇಳುವುದಕ್ಕೆ ಕಾರಣವಾದದ್ದು, ಅದಕ್ಕೆ ಸಿಕ್ಕಿರುವುದು ಒಂದೂವರೆ ಪುಟ. ಅದರಲ್ಲೂ ಅರ್ಧ ಪುಟ ನೋಡಲು ಬಂದವರ ಕೋಟು, ಟೋಪಿ.

ಏನಾಯಿತು ಅಂದರೆ, ಒಬ್ಬ ಕುದುರೆಗಾಡಿ ಓಡಿಸುವವನು, ವಯಸ್ಸು 45, ಮಂಡಿಯ ಹಿಂದೆ ದೊಡ್ಡ ಗಡ್ಡೆ. ಮುಟ್ಟಿದರೆ ನಾಡಿಯ ಹಾಗೆ ಬಡಿಯುತ್ತದೆ. ಅದು ಗಡ್ಡೆ ಅಲ್ಲ, ರಕ್ತನಾಳದ ಗೋಡೆ ಸಡಿಲವಾಗಿ ಉಬ್ಬಿರುವುದು, ಅನ್ಯೂರಿಸಂ. ಆ ಕಾಲದ ಗಾಡಿಯವರಲ್ಲಿ ಇದು ಕಾಣುತ್ತಿದ್ದ ಕಾಯಿಲೆ. ಒಡೆದರೆ ಸಾವು. ಇದ್ದ ದಾರಿ ಎರಡು. ತೊಡೆಯಿಂದ ಕಾಲು ಕತ್ತರಿಸುವುದು ಒಂದು. ಉಬ್ಬನ್ನೇ ಕೊಯ್ದು ಅದರ ಮೇಲೆ ಕೆಳಗೆ ದಾರ ಕಟ್ಟುವುದು ಇನ್ನೊಂದು. ಎರಡನೆಯದರಲ್ಲಿ ದಾರ ಬೀಳುವುದು ಕೆಟ್ಟುಹೋದ ನಾಳದ ಮೇಲೆಯೇ, ಅದು ಕೊಯ್ದುಕೊಂಡು ರಕ್ತ ಸುರಿಯುತ್ತದೆ, ಜಾಸ್ತಿ ಜನ ಸಾಯುತ್ತಿದ್ದರು. ಹಂಟರ್ ಆ ಉಬ್ಬನ್ನು ಮುಟ್ಟಲೇ ಇಲ್ಲ. ಮೇಲೆ ತೊಡೆಯಲ್ಲಿ, ನಾಳ ಇನ್ನೂ ಗಟ್ಟಿಯಾಗಿರುವ ಜಾಗದಲ್ಲಿ ಕೊಯ್ದು, ಅಲ್ಲಿ ಕಟ್ಟಿದ. ಉಬ್ಬಿಗೆ ರಕ್ತದ ಒತ್ತಡ ಹೋಗುವುದು ನಿಂತಿತು, ಅದು ತಾನಾಗಿ ಕುಗ್ಗುತ್ತಾ ಬಂತು. ಕಾಲು ಉಳಿಯಿತು.

ಮುಖ್ಯ ರಕ್ತನಾಳವನ್ನೇ ಕಟ್ಟಿದರೆ ಕಾಲು ಯಾಕೆ ಕೊಳೆಯಲಿಲ್ಲ? ಯಾರಿಗಾದರೂ ಮೊದಲು ಬರುವ ಪ್ರಶ್ನೆ ಇದೇ ಅಲ್ವಾ. ಪುಸ್ತಕದಲ್ಲಿ ಇದಕ್ಕೆ ಉತ್ತರವೇ ಇಲ್ಲ. ಪ್ರಶ್ನೆಯೂ ಇಲ್ಲ!

ಯಾರಾದರೂ ಹಂಟರ್ ಬಗ್ಗೆ ಓದಿದವರಿದ್ದರೆ ಹೇಳಿ, ನನಗೊಬ್ಬನಿಗೇ ಹೀಗೆ ಅನಿಸಿತಾ?

ಕಡಲೆಕಾಯಿ

ಗುರುಗಳೇ, ಅದೇ ಪುಸ್ತಕ ಇರಬೇಕು ಅಂತ ನನ್ನ ಊಹೆ, ನಾನೂ ಓದಿದ್ದೇನೆ, ನನಗೆ ಸಕತ್ ಇಷ್ಟ ಆಯಿತು. ಎಲ್ಲರೂ ಮೆಡಿಕಲ್ ಓದಿರುವುದಿಲ್ಲ. ನಾಳ, ದಾರ, ಕೀವು ಅಂತ ಬರೆದರೆ ನಮ್ಮಂಥವರು ಐದನೇ ಪುಟಕ್ಕೆ ಮುಚ್ಚಿಡುತ್ತೇವೆ. ಹೆಣ ಕದ್ದ ಕಥೆ ಇದ್ದದ್ದಕ್ಕೇ ನಾನು ಕೊನೆಯವರೆಗೂ ಓದಿದ್ದು. ಹೆಣವನ್ನು ಕದ್ದರೆ ಸಣ್ಣ ತಪ್ಪು, ಹೆಣದ ಮೇಲಿನ ಬಟ್ಟೆ ಕದ್ದರೆ ದೊಡ್ಡ ಅಪರಾಧ, ಯಾಕೆ ಅಂದರೆ ಹೆಣ ಯಾರ ಆಸ್ತಿಯೂ ಅಲ್ಲ, ಬಟ್ಟೆ ಆಸ್ತಿ. ಅದಕ್ಕೇ ಕಳ್ಳರು ಬಟ್ಟೆಯನ್ನು ಬಿಚ್ಚಿ ವಾಪಸ್ ಗುಂಡಿಗೆ ಹಾಕಿ ಹೋಗುತ್ತಿದ್ದರಂತೆ. ಇಂಥದ್ದು ಓದಿದರೆ ಮರೆಯುತ್ತದಾ?

ಹಳೇಪುಸ್ತಕ

ಮರೆಯುವುದಿಲ್ಲ, ಒಪ್ಪಿದೆ. ಆ ಪುಟ ನನಗೂ ಇಷ್ಟ. ಆದರೆ ಗಾಡಿಯವನ ಕಥೆಯನ್ನು ನಾನು ಮೇಲೆ ಹೇಳಿದ ಹಾಗೆ ಹೇಳಿದರೆ ನೀವು ಪುಸ್ತಕ ಮುಚ್ಚಿಡುತ್ತಿದ್ದಿರಾ? ಅದಕ್ಕೇನು ಮೆಡಿಕಲ್ ಓದಬೇಕಿಲ್ಲ. ಬದುಕುತ್ತಾನೋ ಇಲ್ಲವೋ, ಕಾಲು ತಣ್ಣಗಾಗುತ್ತದೋ ಬೆಚ್ಚಗಾಗುತ್ತದೋ ಅಂತ ಕಾಯುವುದಕ್ಕಿಂತ ದೊಡ್ಡ ಸಸ್ಪೆನ್ಸ್ ಬೇಕಾ.

ಕತ್ತರಿಡಾಕ್ಟರ್

ನಾನು ಸರ್ಜರಿ ಪಾಠ ಮಾಡುವವಳು, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಎಂಬಿಬಿಎಸ್ ಮೊದಲ ವರ್ಷದ ಮಕ್ಕಳಿಗೆಲ್ಲ ‘ಹಂಟರ್ಸ್ ಕೆನಾಲ್’ ಗೊತ್ತು. ತೊಡೆಯ ಒಳಭಾಗದಲ್ಲಿ ಸ್ನಾಯುಗಳ ನಡುವಿನ ಸಂದು, ದೊಡ್ಡ ನಾಳ ಅದರೊಳಗೇ ಇಳಿಯುತ್ತದೆ. ಅವನು ದಾರ ಕಟ್ಟಿದ್ದು ಅಲ್ಲೇ. ಹೆಸರು ಬಾಯಿಪಾಠ ಮಾಡುತ್ತಾರೆ, ಯಾರ ಹೆಸರು, ಯಾಕೆ ಬಂತು ಅಂತ ಕೇಳಿದರೆ ಮಿಕಮಿಕ ನೋಡುತ್ತಾರೆ.

ನಿಮ್ಮ ಪ್ರಶ್ನೆಗೆ ಉತ್ತರ: ಕಾಲಿಗೆ ರಕ್ತ ಹೋಗುವುದು ಒಂದೇ ದಾರಿಯಿಂದ ಅಲ್ಲ. ತೊಡೆಯಲ್ಲಿ, ಮಂಡಿಯ ಸುತ್ತ ಸಣ್ಣ ಸಣ್ಣ ಕವಲುಗಳಿವೆ, ಒಂದಕ್ಕೊಂದು ಕೂಡಿಕೊಂಡಿವೆ. ದೊಡ್ಡ ನಾಳ ಮುಚ್ಚಿದರೆ ಈ ಕವಲುಗಳು ದಿನ ಕಳೆದ ಹಾಗೆ ಅಗಲವಾಗಿ ಕೆಲಸ ವಹಿಸಿಕೊಳ್ಳುತ್ತವೆ. ರಿಚ್ಮಂಡ್ ಪಾರ್ಕಿನ ಗಂಡು ಜಿಂಕೆಯೊಂದರ ಕತ್ತಿನ ನಾಳ ಕಟ್ಟಿ, ಆ ಕಡೆಯ ಎಳೆ ಕೊಂಬು ತಣ್ಣಗಾದದ್ದು, ಕೆಲವು ದಿನ ಬಿಟ್ಟು ಮತ್ತೆ ಬೆಚ್ಚಗಾದದ್ದು ನೋಡಿ ಹಂಟರ್ ಇದನ್ನು ಕಂಡುಕೊಂಡ ಅಂತ ಒಂದು ಕಥೆ ಹೇಳುತ್ತಾರೆ. ಜಿಂಕೆ ಇರಲಿ ಬಿಡಲಿ, ಅಷ್ಟು ಹೆಣ ಕೊಯ್ದ ಕೈಗೆ ಆ ಕವಲುಗಳು ಗೊತ್ತಿಲ್ಲದೇ ಇರಲು ಸಾಧ್ಯವಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲೇ. ಹೆಣದ ಕಥೆ ಜಾಸ್ತಿ ಆಯಿತು ಅನ್ನುವುದಲ್ಲ ನನ್ನ ದೂರು. ಆ ಹೆಣಗಳಿಂದ ಅವನು ಕಲಿತದ್ದೇನು ಅನ್ನುವುದನ್ನು ಪುಸ್ತಕ ಆಪರೇಶನ್ನಿನ ಹತ್ತಿರ ತಂದು ಕೂಡಿಸುವುದೇ ಇಲ್ಲ. ಮೊದಲ ಭಾಗದಲ್ಲಿ ಹೆಣ, ಕೊನೆಯ ಭಾಗದಲ್ಲಿ ಖ್ಯಾತಿ. ನಡುವಿನ ಸೇತುವೆ ಬಿದ್ದುಹೋಗಿದೆ. ಕಳ್ಳತನವನ್ನು ಬೈಯುವುದಾದರೂ ಸರಿಯಾಗಿ ಬೈಯಬೇಕಾದರೆ ಅದರಿಂದ ಯಾರಿಗೆ ಏನು ಸಿಕ್ಕಿತು ಅನ್ನುವುದು ಗೊತ್ತಿರಬೇಕಲ್ಲ.

ಇನ್ನೊಂದು. ಆ ಗಾಡಿಯವನು ಮತ್ತೆ ಗಾಡಿ ಹತ್ತಿದ, ಸುಮಾರು 15 ತಿಂಗಳ ಮೇಲೆ ಬೇರೆ ಯಾವುದೋ ಜ್ವರದಿಂದ ಸತ್ತ. ಆಗ ಹಂಟರ್ ಆ ಕಾಲನ್ನು ಪಡೆದುಕೊಂಡು ಬಂದು ಕೊಯ್ದು ನೋಡಿದ. ತನ್ನ ಕೆಲಸ ಒಳಗೆ ಏನಾಗಿದೆ ಅಂತ. ನಮ್ಮಲ್ಲಿ ಎಷ್ಟು ಸರ್ಜನ್‌ಗಳು ತಮ್ಮ ಆಪರೇಶನ್ ಎರಡು ವರ್ಷದ ಮೇಲೆ ಏನಾಯಿತು ಅಂತ ಹಿಂದೆ ಬೀಳುತ್ತಾರೆ ಹೇಳಿ. ಇದು ಪುಸ್ತಕದಲ್ಲಿ ಒಂದು ಸಾಲು, ಅದೂ ‘ವಿಚಿತ್ರ ಹವ್ಯಾಸ’ ಅನ್ನುವ ಹಾಗೆ.

ಹಳೇಪುಸ್ತಕ

ಮೇಡಂ, ನಾನು ಹೇಳಬೇಕು ಅಂತ ಒದ್ದಾಡುತ್ತಿದ್ದದ್ದನ್ನು ನೀವು ಹೇಳಿಬಿಟ್ಟಿರಿ.

ಬರ್ನ್ ಪರ ವಕೀಲ

ಎಲ್ಲರೂ ಹಂಟರ್ ಪರವಾಗಿ ನ್ಯಾಯ ಕೇಳುತ್ತಿದ್ದೀರಿ, ನಾನು ಚಾರ್ಲ್ಸ್ ಬರ್ನ್ ಪರ. ಐರ್ಲೆಂಡಿನ ದೈತ್ಯ ಅಂತ ಲಂಡನ್ನಿನಲ್ಲಿ ದುಡ್ಡು ತೆಗೆದುಕೊಂಡು ತೋರಿಸುತ್ತಿದ್ದ ಹುಡುಗ. 1783ರಲ್ಲಿ ಸತ್ತಾಗ ಅವನಿಗೆ ಇನ್ನೂ 22. ಹಂಟರ್ ತನ್ನ ಮೈ ಮೇಲೆ ಕಣ್ಣಿಟ್ಟಿದ್ದಾನೆ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ನನ್ನ ಹೆಣವನ್ನು ಸಮುದ್ರಕ್ಕೆ ಹಾಕಿ ಅಂತ ಸ್ನೇಹಿತರ ಹತ್ತಿರ ಬೇಡಿಕೊಂಡಿದ್ದ. ಹಂಟರ್ ದುಡ್ಡು ತಿನ್ನಿಸಿ ಹೆಣ ತರಿಸಿಕೊಂಡ, 500 ಪೌಂಡ್ ಅಂತ ಹೇಳುವುದುಂಟು. ದೊಡ್ಡ ಹಂಡೆಯಲ್ಲಿ ಬೇಯಿಸಿ ಮೂಳೆ ಬಿಡಿಸಿದ. ಏಳೂವರೆ ಅಡಿಗೂ ಮೀರಿದ ಆ ಅಸ್ಥಿಪಂಜರ ಇನ್ನೂರು ವರ್ಷಕ್ಕೂ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ನಿಂತಿತ್ತು.

ನಮ್ಮ ಲೇಖಕರು ಇದನ್ನು ಹೇಳಿ, ಕೊನೆಗೆ ‘ಆದರೆ ಇದರಿಂದ ವಿಜ್ಞಾನಕ್ಕೆ ಲಾಭವಾಯಿತು’ ಅಂತ ಒಂದು ಸಾಲು ಎಸೆದು ಕೈ ತೊಳೆದುಕೊಂಡಿದ್ದಾರೆ. ಸ್ವಾಮಿ, ಲಾಭ ಮಾಡಿದ್ದು ಯಾರು? ಆ ತಲೆಬುರುಡೆಯನ್ನು ತೆರೆದು, ಮೈಯ ಬೆಳವಣಿಗೆಯನ್ನು ನಿಯಂತ್ರಿಸುವ ಪಿಟ್ಯುಟರಿ ಗ್ರಂಥಿ ಕೂರುವ ಗುಳಿ ದೊಡ್ಡದಾಗಿದೆ, ಅದಕ್ಕೇ ಹುಡುಗ ಹಾಗೆ ಬೆಳೆದದ್ದು ಅಂತ ತೋರಿಸಿದ್ದು ಅಮೆರಿಕದ ಹಾರ್ವಿ ಕುಶಿಂಗ್, 1909ರಲ್ಲಿ. ಹಲ್ಲಿನಿಂದ ಡಿಎನ್ಎ ತೆಗೆದು ಜೀನ್ ದೋಷ ಕಂಡುಹಿಡಿದ ವರದಿ ಬಂದದ್ದು 2011ರಲ್ಲಿ. ಹಂಟರ್ ಬುರುಡೆಯನ್ನು ತೆರೆಯಲೇ ಇಲ್ಲ. ಅವನಿಗೆ ಬೇಕಿದ್ದದ್ದು ಸಂಗ್ರಹಕ್ಕೆ ಒಂದು ದೊಡ್ಡ ವಸ್ತು. ಯಾರೋ 126 ವರ್ಷದ ಮೇಲೆ ಮಾಡಿದ ಕೆಲಸದ ಪುಣ್ಯವನ್ನು ತಂದು ಇವನ ಖಾತೆಗೆ ಹಾಕುವುದು ಯಾವ ಲೆಕ್ಕ?

ಥೇಮ್ಸ್ ದಂಡೆ

ಲಂಡನ್ನಿನಲ್ಲಿ ಇರುವವನು. ಹಂಟರ್ ಸಂಗ್ರಹ ಇರುವ ಹಂಟೇರಿಯನ್ ಮ್ಯೂಸಿಯಂ 2017ರಲ್ಲಿ ದುರಸ್ತಿಗೆ ಅಂತ ಮುಚ್ಚಿತ್ತು, 2023ರಲ್ಲಿ ಮತ್ತೆ ತೆರೆಯಿತು. ಬರ್ನ್ ಅಸ್ಥಿಪಂಜರ ಈಗ ನೋಡಲು ಇಟ್ಟಿಲ್ಲ. ಹಾಗಂತ ಸಮುದ್ರಕ್ಕೂ ಹಾಕಿಲ್ಲ, ಸಂಶೋಧನೆಗೆ ಬೇಕು ಅಂತ ಒಳಗೆ ಇಟ್ಟುಕೊಂಡಿದ್ದಾರೆ. ಹುಡುಗ ಕೇಳಿದ್ದು ಇನ್ನೂ ಆಗಿಲ್ಲ.

ಚಿತ್ರಕಾರ ರೆನಾಲ್ಡ್ಸ್ ಬರೆದ ಹಂಟರ್ ಚಿತ್ರ ನೋಡಿದ್ದೀರಾ? ಗಲ್ಲಕ್ಕೆ ಕೈ ಕೊಟ್ಟುಕೊಂಡು ಎಲ್ಲೋ ನೋಡುತ್ತಾ ಕೂತಿದ್ದಾನೆ. ಬಲಗಡೆ ಮೇಲಿನ ಮೂಲೆ ನೋಡಿ. ಚೌಕಟ್ಟಿನಿಂದ ಎರಡು ಉದ್ದನೆಯ ಪಾದದ ಮೂಳೆ ಇಳಿಬಿದ್ದಿವೆ. ಅದು ಬರ್ನ್ ಪಾದ. ಕದ್ದ ಮಾಲನ್ನು ಚಿತ್ರದಲ್ಲಿ ಬರೆಸಿಕೊಂಡ ಧೈರ್ಯ ನೋಡಿ.

ಕಡಲೆಕಾಯಿ

ಈಗಷ್ಟೇ ಹುಡುಕಿ ನೋಡಿದೆ. ಅಯ್ಯೋ ದೇವರೇ, ಹೌದು! ಪುಸ್ತಕದಲ್ಲಿ ಇದೇ ಚಿತ್ರ ಇಡೀ ಪುಟಕ್ಕೆ ಹಾಕಿದ್ದಾರೆ, ಮೇಲಿನ ಮೂಲೆ ಕತ್ತರಿಸಿಬಿಟ್ಟಿದ್ದಾರೆ.

ಹಳೇಪುಸ್ತಕ

ಇದಕ್ಕಿಂತ ಚೆನ್ನಾಗಿ ಆ ಪುಸ್ತಕದ ವಿಮರ್ಶೆ ಮಾಡಲು ನನ್ನಿಂದ ಆಗುವುದಿಲ್ಲ.

ಕತ್ತರಿಡಾಕ್ಟರ್

ಗನೋರಿಯಾ ಅನ್ನುವ ಲೈಂಗಿಕ ರೋಗದ ಮೇಲಿನ ಪ್ರಯೋಗದ ವಿಚಾರ ಯಾರೂ ಎತ್ತಲಿಲ್ಲವಲ್ಲ. ಅದು ಆ ಪುಸ್ತಕದ ಅತ್ಯಂತ ಕೆಟ್ಟ ಅಧ್ಯಾಯ.

1767ರಲ್ಲಿ ಗನೋರಿಯಾ ರೋಗಿಯ ಕೀವಿನಲ್ಲಿ ಅದ್ದಿದ ಸಣ್ಣ ಚೂರಿಯಿಂದ ಶಿಶ್ನದ ಮೇಲೆ ಎರಡು ಕಡೆ ಚುಚ್ಚಿ ಏನಾಗುತ್ತದೆ ಅಂತ ನೋಡಿದ್ದು. ಇನ್ನೊಂದು ಲೈಂಗಿಕ ರೋಗವಾದ ಸಿಫಿಲಿಸ್‌ನ ಲಕ್ಷಣ ಬಂತು. ಎರಡೂ ಒಂದೇ ರೋಗ ಅಂತ ತೀರ್ಮಾನ ಮಾಡಿ 1786ರಲ್ಲಿ ಅಚ್ಚು ಹಾಕಿಸಿದ. ಕೀವು ಕೊಟ್ಟ ರೋಗಿಗೆ ಎರಡೂ ಕಾಯಿಲೆ ಇದ್ದಿರಬೇಕು, ಅಷ್ಟೇ. ಆದರೆ ಹೇಳಿದವನು ಹಂಟರ್. ಹಾಗಾಗಿ ಜನ ನಂಬಿದರು. ಎರಡೂ ಬೇರೆ ಅಂತ ಫ್ರಾನ್ಸಿನ ರಿಕೋರ್ ಗಟ್ಟಿಯಾಗಿ ತೋರಿಸುವ ಹೊತ್ತಿಗೆ 1838 ಆಗಿತ್ತು.

ಪುಸ್ತಕದಲ್ಲಿ ಇದು ಹೇಗಿದೆ ಗೊತ್ತಾ? ಮೇಣದ ಬತ್ತಿಯ ಬೆಳಕು, ಹಂಟರ್ ಒಬ್ಬನೇ ಕೋಣೆಯಲ್ಲಿ, ಹಲ್ಲು ಕಚ್ಚಿಕೊಂಡು ತನ್ನ ಮೈಗೆ ತಾನೇ ಚುಚ್ಚಿಕೊಳ್ಳುತ್ತಾನೆ. ವೀರ ತ್ಯಾಗ! ಆದರೆ ಹಂಟರ್ ಬರೆದದ್ದನ್ನು ತೆಗೆದು ನೋಡಿ. ಯಾರ ಮೇಲೆ ಅಂತ ಅವನು ಹೇಳುವುದೇ ಇಲ್ಲ. ಚುಚ್ಚಲಾಯಿತು, ಹೀಗಾಯಿತು, ಆಗಿನ ಔಷಧವಾದ ಪಾದರಸ ಕೊಡಲಾಯಿತು, ಅಷ್ಟೇ ಇರುವುದು. ತನ್ನ ಮೇಲೆಯೇ ಮಾಡಿಕೊಂಡ ಅನ್ನುವವರಿದ್ದಾರೆ, ಬೇರೆ ಯಾರದೋ ಮೇಲೆ ಅನ್ನುವವರೂ ಇದ್ದಾರೆ. ಆ ಜಗಳವನ್ನೇ ಓದುಗರಿಗೆ ತೋರಿಸಬಹುದಿತ್ತು. ತನ್ನ ಮೇಲೆ ಮಾಡಿಕೊಂಡಿದ್ದರೆ ಒಂದು ಕಥೆ, ಕೇಳುವವರಿಲ್ಲದ ಬಡವನ ಮೇಲೆ ಮಾಡಿದ್ದರೆ ಇನ್ನೊಂದೇ ಕಥೆ. ಎರಡರಲ್ಲಿ ಚಂದ ಕಂಡದ್ದನ್ನು ಆರಿಸಿಕೊಂಡು ನಿಜ ಅಂತ ಬರೆದಿದ್ದಾರೆ.

ಕೋಟೆನಾಡು

ಹಲ್ಲಿನ ವಿಚಾರ ಸೇರಿಸುತ್ತೇನೆ. ಮನುಷ್ಯನ ಹಲ್ಲನ್ನು ಹುಂಜದ ಜುಟ್ಟಿನಲ್ಲಿ ನೆಟ್ಟು ಬೆಳೆಸಿದ ಪ್ರಯೋಗಕ್ಕೆ ಪುಸ್ತಕದಲ್ಲಿ ದೊಡ್ಡ ಜಾಗ ಇದೆ, ‘ಕಸಿಯ ಪಿತಾಮಹ’ ಅಂತ ಬಿರುದು ಬೇರೆ. ಆ ಪ್ರಯೋಗದ ಇನ್ನೊಂದು ಮುಖ ಏನು ಅಂದರೆ, ಬಡ ಮಕ್ಕಳ ಒಳ್ಳೆಯ ಹಲ್ಲನ್ನು ದುಡ್ಡು ಕೊಟ್ಟು ಕೀಳಿಸಿ ಶ್ರೀಮಂತರ ಬಾಯಿಗೆ ಕೂರಿಸುವ ಧಂದೆ ಲಂಡನ್ನಿನಲ್ಲಿ ನಡೆಯುತ್ತಿತ್ತು. 1771ರಲ್ಲಿ ಹಲ್ಲಿನ ಬಗ್ಗೆ ಹಂಟರ್ ಬರೆದ ಪುಸ್ತಕ ಅದಕ್ಕೆ ಮರ್ಯಾದೆ ತಂದುಕೊಟ್ಟಿತು. ಆ ಹಲ್ಲುಗಳು ನಿಲ್ಲುತ್ತಿರಲಿಲ್ಲ, ಕೆಲವರಿಗೆ ರೋಗವೂ ಅಂಟಿತು. ಹಲ್ಲು ಮಾರಿದ ಮಕ್ಕಳ ಬಗ್ಗೆ ಪುಸ್ತಕದಲ್ಲಿ ಒಂದಕ್ಷರ ಇಲ್ಲ.

ಕಸಿ ಅಂದಮೇಲೆ ನಮ್ಮ ಕಡೆಯದೊಂದು. ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಅನ್ನುವವನು ಟಿಪ್ಪು ಕಡೆಯವರಿಗೆ ಸೆರೆ ಸಿಕ್ಕ. ಮೂಗು, ಒಂದು ಕೈ ಕತ್ತರಿಸಿ ಬಿಟ್ಟರು. ಆಮೇಲೆ ಪುಣೆ ಕಡೆಯ ಒಬ್ಬ ನಾಟಿ ವೈದ್ಯ ಹಣೆಯ ಚರ್ಮವನ್ನು ಮಡಚಿ ತಂದು ಹೊಸ ಮೂಗು ಕಟ್ಟಿಕೊಟ್ಟ. ಈ ಸುದ್ದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಚಿತ್ರದ ಸಮೇತ ಬಂತು, ಹಂಟರ್ ಸತ್ತು ಸರಿಯಾಗಿ ಒಂದು ವರ್ಷಕ್ಕೆ. ಅದನ್ನು ನೋಡಿ ಕಾರ್ಪ್ಯೂ ಅನ್ನುವ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಅದೇ ಆಪರೇಶನ್ ಮಾಡಿದ. ಹಂಟರ್ ಜೀವನಚರಿತ್ರೆಯಲ್ಲಿ ಇದು ಇರಲೇಬೇಕು ಅಂತ ನಾನು ಹಟ ಮಾಡುವುದಿಲ್ಲ. ಆದರೆ ಒಬ್ಬನಿಗೆ ‘ಪಿತಾಮಹ’ ಅಂತ ಪಟ್ಟ ಕಟ್ಟುವ ಮೊದಲು ಬೇರೆ ಕಡೆ ಯಾರು ಏನು ಮಾಡುತ್ತಿದ್ದರು ಅಂತ ಸ್ವಲ್ಪ ಕಿಟಕಿ ತೆರೆದು ನೋಡಬೇಕಲ್ವಾ.

ಬರ್ನ್ ಪರ ವಕೀಲ

ಕೋಟೆನಾಡು, ಚೆನ್ನಾಗಿ ಹೇಳಿದಿರಿ. ಇಲ್ಲಿಗೆ ಟಿಪ್ಪು ಜಗಳ ತರಬೇಡಿ ಅಂತ ಮಿಕ್ಕವರಿಗೆ ಈಗಲೇ ಕೈ ಮುಗಿಯುತ್ತೇನೆ.

ದಫ್ತರ

ನಾನು ಹಳೆಯ ಕಡತಗಳ ನಡುವೆ ಕೆಲಸ ಮಾಡುವವನು, ನನ್ನ ಸಂಕಟ ಬೇರೆ. ಹಂಟರ್ ಬಗ್ಗೆ ಬರೆಯುವುದು ಯಾಕೆ ಕಷ್ಟ ಅಂತಲೇ ಆ ಪುಸ್ತಕ ಹೇಳುವುದಿಲ್ಲ.

ಹಂಟರ್ ಬರೆದಿಟ್ಟ ಹಸ್ತಪ್ರತಿಗಳು ರಾಶಿ ರಾಶಿ ಇದ್ದವು. ಅವನ ಹೆಂಡತಿ ಆನಿಯ ತಮ್ಮ ಎವರಾರ್ಡ್ ಹೋಮ್ ಅವನ್ನೆಲ್ಲ ತನ್ನ ಮನೆಗೆ ಸಾಗಿಸಿಕೊಂಡ. ವರ್ಷಗಟ್ಟಲೆ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಒಂದಾದ ಮೇಲೊಂದು ಪ್ರಬಂಧ ಓದಿದ. 1823ರಲ್ಲಿ ಅಷ್ಟೂ ಕಾಗದವನ್ನು ಒಲೆಗೆ ಹಾಕಿ ಸುಟ್ಟ. ಹಂಟರೇ ಸುಡು ಅಂತ ಹೇಳಿದ್ದರು ಅಂತ ಸಬೂಬು. ಭಾವನ ಬರಹ ಕದ್ದು ತನ್ನ ಹೆಸರಿಗೆ ಮಾಡಿಕೊಂಡು ಸಾಕ್ಷಿ ಸುಟ್ಟ ಅಂತ ಹೆಚ್ಚಿನವರ ಅಭಿಪ್ರಾಯ, ನನ್ನದೂ ಅದೇ.

ಏನಾದರೂ ಉಳಿದಿದ್ದರೆ ವಿಲಿಯಂ ಕ್ಲಿಫ್ಟ್‌ನಿಂದ. ಹಂಟರ್ ಬದುಕಿನ ಕೊನೆಯ ವರ್ಷಗಳಲ್ಲಿ ಕೆಲಸಕ್ಕೆ ಸೇರಿದ ಬಡ ಹುಡುಗ. ಯಜಮಾನ ಸತ್ತಮೇಲೆ ವಾರಕ್ಕೆ 7 ಶಿಲಿಂಗ್ ಸಂಬಳದಲ್ಲಿ ಹಂಟರ್ ಅಂಗಾಂಗಗಳನ್ನು ಕೆಡದಂತೆ ಇಟ್ಟಿದ್ದ ಸಾವಿರಾರು ಜಾಡಿಗಳನ್ನು ಕಾದುಕೊಂಡು ಕೂತ. 1799ರಲ್ಲಿ ಸರ್ಕಾರ 15,000 ಪೌಂಡ್ ಕೊಟ್ಟು ಸಂಗ್ರಹ ಕೊಂಡುಕೊಳ್ಳುವವರೆಗೂ ಹೀಗೇ. ಆ ಹೊತ್ತಿನಲ್ಲಿ ಕೂತು ಹಸ್ತಪ್ರತಿಗಳನ್ನು ಕೈಯಾರೆ ನಕಲು ಮಾಡಿಟ್ಟುಕೊಂಡಿದ್ದ. ನಮಗೆ ಸಿಕ್ಕಿರುವ ಎಷ್ಟೋ ಮಾತು ಆ ನಕಲಿನಿಂದ ಬಂದದ್ದು. ಪಾರ್ಕಿನ್ಸನ್ ಕಾಯಿಲೆಗೆ ಹೆಸರು ಕೊಟ್ಟ ಜೇಮ್ಸ್ ಪಾರ್ಕಿನ್ಸನ್ ಕೂಡ ಹಂಟರ್ ಪಾಠಕ್ಕೆ ಕೂತು ಶೀಘ್ರಲಿಪಿಯಲ್ಲಿ ಬರೆದುಕೊಂಡಿದ್ದ, ಅದೂ ಆಮೇಲೆ ಅಚ್ಚಾಯಿತು.

ಕ್ಲಿಫ್ಟ್ ಹೆಸರು ಈ ಪುಸ್ತಕದಲ್ಲಿ ಎಷ್ಟು ಸಲ ಬರುತ್ತದೆ ಹೇಳಿ ನೋಡೋಣ. ಸುಮ್ನೆ ಕೊನೆಯ ಅಧ್ಯಾಯದಲ್ಲಿ ‘ನಿಷ್ಠಾವಂತ ಸಹಾಯಕ’.

ಥೇಮ್ಸ್ ದಂಡೆ

ಉಳಿದ ಜಾಡಿಗಳೂ ಪೂರ್ತಿ ಇಲ್ಲ ಸರ್. 1941ರ ಮೇ ತಿಂಗಳಲ್ಲಿ ಜರ್ಮನರ ಬಾಂಬ್ ಬಿದ್ದು ಬಹುಪಾಲು ಹೋಯಿತು. ಸುಮಾರು 14,000 ಇದ್ದದ್ದರಲ್ಲಿ ಈಗ ಉಳಿದಿರುವುದು ಮೂರೂವರೆ ಸಾವಿರ ಇರಬಹುದು.

ದಫ್ತರ

ಹೌದು. ಮತ್ತೆ ನೋಡಿ, ಹಂಟರ್ ಮೇಲಿನ ಮೊಟ್ಟಮೊದಲ ಜೀವನಚರಿತ್ರೆ 1794ರಲ್ಲಿ ಬಂತು, ಬರೆದವನು ಜೆಸ್ಸಿ ಫುಟ್ ಅನ್ನುವ ಇನ್ನೊಬ್ಬ ಸರ್ಜನ್, ಹಂಟರ್ ಕಂಡರೆ ಉರಿದುಬೀಳುತ್ತಿದ್ದವನು. ಪುಸ್ತಕದ ತುಂಬ ಬೈಗುಳ. ಹೀಗೆ ಶುರುವಾಯಿತು ಈ ಮನುಷ್ಯನ ಮರಣೋತ್ತರ ಬದುಕು. ಆಮೇಲೆ ಬಂದವರು ಆ ಬೈಗುಳಕ್ಕೆ ಉತ್ತರ ಕೊಡಲು ಹೋಗಿ ಗುಡಿ ಕಟ್ಟಿದರು. ಇವತ್ತಿನ ಲೇಖಕರು ಆ ಗುಡಿಯೊಳಗೆ ದೆವ್ವದ ಸಿನಿಮಾ ತೋರಿಸುತ್ತಿದ್ದಾರೆ.

ಕಡಲೆಕಾಯಿ

ಹಹಹ. ಆದರೂ ಒಂದು ಕೇಳುತ್ತೇನೆ. ಇಷ್ಟೆಲ್ಲ ಬೈದಿರಲ್ಲ, ಪುಸ್ತಕದಲ್ಲಿ ಚೆನ್ನಾಗಿರುವುದು ಏನೂ ಇಲ್ವಾ?

ಹಳೇಪುಸ್ತಕ

ಇದೆ. ಫ್ರಾನ್ಸಿನ ಬೆಲ್ ಈಲ್ ದ್ವೀಪದ ಅಧ್ಯಾಯ. 1761ರಲ್ಲಿ ಸೈನ್ಯದ ಸರ್ಜನ್ ಆಗಿ ಅಲ್ಲಿದ್ದ. ಗುಂಡು ಬಿದ್ದ ಗಾಯವನ್ನು ಇನ್ನಷ್ಟು ಕೊಯ್ದು ಅಗಲ ಮಾಡಿ, ಬೆರಳು ಹಾಕಿ ಗುಂಡು ಹುಡುಕುವುದು ಆಗಿನ ಪದ್ಧತಿ. ಗಾಯಗೊಂಡ ಕೆಲವು ಫ್ರೆಂಚ್ ಸೈನಿಕರು ಒಂದು ತೋಟದ ಮನೆಯಲ್ಲಿ ಅಡಗಿ ಕೂತಿದ್ದರು, ಯಾವ ಸರ್ಜನ್ ಕೈಗೂ ಸಿಗದೆ. ಅವರ ಗಾಯ ಚೆನ್ನಾಗಿ ವಾಸಿಯಾಗಿತ್ತು. ಹಂಟರ್ ಅದನ್ನು ನೋಡಿ, ಹಾಗಾದರೆ ನಾವು ಮಾಡುತ್ತಿರುವುದೇನು ಅಂತ ಯೋಚಿಸಿದ, ಸುಮ್ಮನೆ ಕೊಯ್ಯುವುದನ್ನು ಬಿಟ್ಟ. ಆ ಅಧ್ಯಾಯದಲ್ಲಿ ಲೇಖಕರು ಮೇಣದ ಬತ್ತಿ ಹಚ್ಚಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾರೆ, ಅದಕ್ಕೇ ಚೆನ್ನಾಗಿದೆ.

ಜೆನ್ನರ್ ಪತ್ರಗಳ ಭಾಗವೂ ಪರವಾಗಿಲ್ಲ. ಸಿಡುಬಿನ ಲಸಿಕೆಯ ಜೆನ್ನರ್ ಇವನ ಶಿಷ್ಯ. ಏನೋ ಒಂದು ಊಹೆ ಬರೆದು ಕಳಿಸಿದ್ದಕ್ಕೆ ಹಂಟರ್ ಉತ್ತರ: ಯೋಚನೆ ಯಾಕೆ, ಪ್ರಯೋಗ ಮಾಡಿ ಯಾಕೆ ನೋಡಬಾರದು? ಹೆಡ್ಜ್‌ಹಾಗ್ ಅನ್ನುವ ಸಣ್ಣ ಮುಳ್ಳುಪ್ರಾಣಿಗಳ ಮೇಲೆ.

ಕತ್ತರಿಡಾಕ್ಟರ್

ಸಾವಿನ ಅಧ್ಯಾಯ ಅಷ್ಟೇನೂ ಕೆಟ್ಟದಾಗಿಲ್ಲ ಅನಿಸಿತು ನನಗೆ. ಎದೆನೋವು ಇತ್ತು ಅವನಿಗೆ. ನನಗೆ ಸಿಟ್ಟು ಬರಿಸುವ ಯಾವನೇ ಪೋಕರಿಯ ಕೈಯಲ್ಲಿದೆ ನನ್ನ ಜೀವ ಅಂತ ಹೇಳುತ್ತಿದ್ದನಂತೆ. 1793ರ ಅಕ್ಟೋಬರ್ 16ರಂದು ಆಸ್ಪತ್ರೆಯ ಸಭೆಯಲ್ಲಿ ವಿದ್ಯಾರ್ಥಿಗಳ ವಿಚಾರಕ್ಕೆ ಮಾತಿಗೆ ಮಾತು ಬೆಳೆದು, ಎದ್ದು ಪಕ್ಕದ ಕೋಣೆಗೆ ಹೋಗಿ ಕುಸಿದುಬಿದ್ದ. ಮೀಟಿಂಗ್‌ನಲ್ಲಿ ಸತ್ತ ಸರ್ಜನ್. ನಮ್ಮ ವಿಭಾಗದ ಮೀಟಿಂಗ್‌ಗಳನ್ನು ನೆನೆಸಿಕೊಂಡರೆ ಏನೂ ಆಶ್ಚರ್ಯ ಇಲ್ಲ.

ಆನಿ ಬಗ್ಗೆ ಎಲ್ಲರೂ ಮರೆತಿರಿ. ಅವಳು ಒಳ್ಳೆಯ ಕವಿ, ಹೈಡನ್ ಅವಳ ಪದ್ಯಗಳಿಗೆ ಸಂಗೀತ ಹಾಕಿದ್ದಾನೆ. ಮನೆಯ ಮುಂದಿನ ಬಾಗಿಲಿನಲ್ಲಿ ಅವಳ ಸಂಗೀತದ ಅತಿಥಿಗಳು, ಹಿಂದಿನ ಬಾಗಿಲಿನಲ್ಲಿ ಹೆಣ. ಇದು ಮಾತ್ರ ಪುಸ್ತಕದಲ್ಲಿ ನಾಲ್ಕು ಕಡೆ ಇದೆ. ಅವಳ ಒಂದು ಪದ್ಯ ಎಲ್ಲೂ ಇಲ್ಲ.

ಕಡಲೆಕಾಯಿ

ಹಳೇಪುಸ್ತಕ ಅವರೇ, ನನ್ನ ಪ್ರತಿ ಲೈಬ್ರರಿಯದು, ವಾಪಸ್ ಕೊಟ್ಟಾಯಿತು. ನಿಮ್ಮದು ಕೊಡುತ್ತೀರಾ? ಇದೆಲ್ಲ ಓದಿದ ಮೇಲೆ ಇನ್ನೊಂದು ಸಲ ನೋಡಬೇಕು ಅನಿಸುತ್ತಿದೆ.

ಹಳೇಪುಸ್ತಕ

ಧಾರಾಳವಾಗಿ. ಮೆಸೇಜ್ ಹಾಕಿ, ಅಂಚೆ ಖರ್ಚು ನಿಮ್ಮದು. ಪೆನ್ಸಿಲ್ಲಿನಲ್ಲಿ ಅಂಚಿನ ತುಂಬ ಜಗಳ ಆಡಿದ್ದೇನೆ, ಅದನ್ನು ಮಾತ್ರ ಅಳಿಸಬೇಡಿ. ಓದಿ ಆದಮೇಲೆ ಡಾಕ್ಟರ್ ಮೇಡಂಗೆ ಕಳಿಸಿ, ಅವರ ವಿದ್ಯಾರ್ಥಿಗಳು ಆ ಒಂದೂವರೆ ಪುಟವನ್ನಾದರೂ ಓದಲಿ.